ಹಿತ್ತಲಿನಲ್ಲಿ ನಿಂತು ಹೊಸ ಗ್ರಹವನ್ನು ಕಂಡ ಸಂಗೀತಗಾರ

ಕುರಿ ಕಾಯುವ ಹುಡುಗನಾಗಿದ್ದ ದಾವೀದನು ರಾತ್ರಿಯ ಬಯಲಿನಲ್ಲಿ ತಲೆಯೆತ್ತಿ ಕಂಡ ಆಕಾಶವೇ ಮುಂದೆ ಕೀರ್ತನೆಗಳಲ್ಲಿ ದೇವಸ್ತುತಿಯಾಯಿತು. ಪೂರ್ವದಿಕ್ಕಿನ ಜ್ಞಾನಿಗಳು ಬೆತ್ಲೆಹೇಮಿನ ದಾರಿ ಹಿಡಿದುದೂ ಒಂದು ನಕ್ಷತ್ರವನ್ನು ಮನಸ್ಸಿಟ್ಟು ಗಮನಿಸಿದ್ದರಿಂದಲೇ. ಆ ಕೀರ್ತನೆಗಳನ್ನು ನಾವು ದೇವಾಲಯದಲ್ಲಿ ಭಕ್ತಿಯಿಂದ ಹಾಡುತ್ತೇವೆ. ಹಾಡಿ ಹೊರಬಂದ ಮೇಲೆ ಆಕಾಶವನ್ನು ನೋಡುವವರು ನಮ್ಮಲ್ಲಿ ವಿರಳ. ಮನೆಯ ಮಗನೋ ಮಗಳೋ ರಾತ್ರಿ ತಾರಸಿಯ ಮೇಲೆ ನಿಂತು ನಕ್ಷತ್ರ ನೋಡುತ್ತಿದ್ದರೆ, ಅದರಿಂದ ಹೊಟ್ಟೆ ತುಂಬುವುದೇ ಎಂದು ಕೇಳುವವರೇ ಹೆಚ್ಚು. ಆ ಪ್ರಶ್ನೆಗೆ ಉತ್ತರವಾಗಬಲ್ಲ ಒಂದು ಜೀವನವನ್ನು ಈ ವಾರ ನಮ್ಮ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ. ಅದು ವಿಲಿಯಂ ಹರ್ಷೆಲ್ ಎಂಬ ಹವ್ಯಾಸಿ ಖಗೋಳವೀಕ್ಷಕರದು. ಅವರ ಕಥೆಯನ್ನು ಹೇಳುವವರು ಅವರ ತಂಗಿ ಕ್ಯಾರೊಲಿನ್ ಅವರ ಕಥೆಯನ್ನೂ ಹೇಳಲೇಬೇಕು.

ಹರ್ಷೆಲರು ಹುಟ್ಟಿದ್ದು ಜರ್ಮನಿಯ ಹ್ಯಾನೋವರ್ ನಗರದಲ್ಲಿ, 1738ರ ನವೆಂಬರ್ 15ರಂದು. ತಂದೆ ಐಸಾಕ್ ಸೈನ್ಯದ ವಾದ್ಯಮೇಳದಲ್ಲಿ ಓಬೋ ನುಡಿಸುವವರು. ಲೂಥರನ್ ಕುಟುಂಬ, ಹುಟ್ಟಿದ ಹತ್ತು ಮಕ್ಕಳಲ್ಲಿ ಉಳಿದವರು ಆರು ಮಂದಿ. ತಂದೆಗೆ ಹಣವಿರಲಿಲ್ಲ, ಆದರೆ ಅರಿವಿನ ಹಸಿವಿತ್ತು. ಮಕ್ಕಳಿಗೆ ಸಂಗೀತ ಕಲಿಸಿದರು. ಮಂಜು ಬೀಳುವ ಚಳಿಯ ರಾತ್ರಿಯಲ್ಲಿ ಪುಟ್ಟ ಕ್ಯಾರೊಲಿನಳನ್ನು ಬೀದಿಗೆ ಕರೆದೊಯ್ದು ನಕ್ಷತ್ರಪುಂಜಗಳನ್ನೂ ಒಂದು ಧೂಮಕೇತುವನ್ನೂ ತೋರಿಸಿದರು. ಆ ಒಂದು ರಾತ್ರಿಯ ನೆನಪು ಆ ಮಗಳಲ್ಲಿ ಮುಪ್ಪಿನವರೆಗೂ ಉಳಿಯಿತು.

ವಿಲಿಯಂ ಹದಿಹರೆಯದಲ್ಲಿಯೇ ತಂದೆಯ ವಾದ್ಯಮೇಳವನ್ನು ಸೇರಿದ್ದರು. 1757ರಲ್ಲಿ ಹಾಸ್ಟೆನ್‌ಬೆಕ್ ಯುದ್ಧದಲ್ಲಿ ಹ್ಯಾನೋವರಿನ ಪಕ್ಷ ಸೋತಾಗ ಅವರು ಅಣ್ಣನೊಡನೆ ಇಂಗ್ಲೆಂಡಿಗೆ ಹೊರಟುಹೋದರು. ಲಂಡನ್ನಿನಲ್ಲಿ ಸ್ವರಲಿಪಿಗಳನ್ನು ನಕಲು ಮಾಡಿ ಹೊಟ್ಟೆ ಹೊರೆದರು. ಬಳಿಕ ಉತ್ತರದ ಊರುಗಳಲ್ಲಿ ಪಾಠ ಹೇಳಿದರು, ವಾದ್ಯಗೋಷ್ಠಿಗಳನ್ನು ನಡೆಸಿದರು, ಹಲವು ಸಿಂಫನಿಗಳನ್ನು ರಚಿಸಿದರು. 1766ರಲ್ಲಿ ಬಾತ್ ನಗರದ ಆಕ್ಟಗನ್ ಪ್ರಾರ್ಥನಾಲಯದಲ್ಲಿ ಆರ್ಗನ್ ವಾದಕರಾಗಿ ನೇಮಕಗೊಂಡರು. ಬಾತ್ ಶ್ರೀಮಂತರು ವಿಹಾರಕ್ಕೆ ಬರುವ ಊರು. ಸಂಗೀತಗಾರನಿಗೆ ಕೆಲಸಕ್ಕೂ ಮರ್ಯಾದೆಗೂ ಅಲ್ಲಿ ಕೊರತೆಯಿರಲಿಲ್ಲ.

ಇತ್ತ ಹ್ಯಾನೋವರಿನಲ್ಲಿ ಕ್ಯಾರೊಲಿನಳ ಬಾಳು ಅಡಿಗೆಮನೆಯಲ್ಲಿ ಸವೆಯುತ್ತಿತ್ತು. ಅವಳು ಹುಟ್ಟಿದ್ದು 1750ರಲ್ಲಿ. ಸಿಡುಬು ಮುಖದಲ್ಲಿ ಕಲೆ ಉಳಿಸಿತ್ತು. ಹತ್ತನೆಯ ವಯಸ್ಸಿನಲ್ಲಿ ಬಂದ ಟೈಫಸ್ ಜ್ವರದಿಂದ ಮೈಯ ಬೆಳವಣಿಗೆಯೇ ನಿಂತು, ಎತ್ತರ ನಾಲ್ಕು ಅಡಿಗಿಂತ ತುಸುವೇ ಹೆಚ್ಚು. ಇವಳಿಗೆ ಮದುವೆಯಾಗದು, ಮನೆಗೆಲಸ ಸಾಕು, ವಿದ್ಯೆ ಬೇಡವೆಂಬುದು ತಾಯಿಯ ನಿಲುವು. ತಂದೆ ತಾಯಿಯ ಕಣ್ಣು ತಪ್ಪಿಸಿ ಪಿಟೀಲು ಕಲಿಸುತ್ತಿದ್ದರು. 1767ರಲ್ಲಿ ಅವರೂ ತೀರಿಕೊಂಡರು. 1772ರಲ್ಲಿ ವಿಲಿಯಂ ಊರಿಗೆ ಬಂದು ತಂಗಿಯನ್ನು ಬಾತ್ ನಗರಕ್ಕೆ ಕರೆದೊಯ್ದರು. ಅವಳ ಬದಲಿಗೆ ಒಬ್ಬ ಆಳನ್ನು ಇಟ್ಟುಕೊಳ್ಳಲು ತಾಯಿಗೆ ಹಣ ಗೊತ್ತುಮಾಡಿದ ಮೇಲೆಯೇ ಅವಳಿಗೆ ಬಿಡುಗಡೆ ದೊರೆತದ್ದು. ಅವಳನ್ನು ಗಾಯಕಿಯನ್ನಾಗಿ ಮಾಡುವುದು ಅಣ್ಣನ ಉದ್ದೇಶವಾಗಿತ್ತು. ಅವಳು ಗಾಯಕಿಯೂ ಆದಳು.

ಅಷ್ಟರಲ್ಲಿ ಅಣ್ಣನ ಮನಸ್ಸು ಬೇರೆಡೆಗೆ ತಿರುಗಿತು. ಸಂಗೀತದ ಗಣಿತವನ್ನು ಓದುತ್ತ ಅದೇ ಲೇಖಕನ ಬೆಳಕಿನ ಶಾಸ್ತ್ರದ ಗ್ರಂಥಕ್ಕೆ ಬಂದಿದ್ದ ಹರ್ಷೆಲರು 1773ರಲ್ಲಿ ಒಂದು ಖಗೋಳದ ಪುಸ್ತಕವನ್ನು ಕೊಂಡರು. ಓದಿದ್ದನ್ನು ಕಣ್ಣಿನಿಂದ ನೋಡಬೇಕೆಂಬ ಹಟ ಹುಟ್ಟಿತು. ಬಾಡಿಗೆಗೆ ತಂದ ಸಣ್ಣ ದೂರದರ್ಶಕ ಸಾಲಲಿಲ್ಲ. ದೊಡ್ಡದರ ಬೆಲೆ ಕೈಗೆ ನಿಲುಕಲಿಲ್ಲ. ತಾವೇ ಮಾಡಿಕೊಳ್ಳುವುದೆಂದು ನಿಶ್ಚಯಿಸಿ, ಈ ಕೆಲಸವನ್ನು ಕೈಬಿಟ್ಟಿದ್ದ ಒಬ್ಬರಿಂದ ಉಪಕರಣಗಳನ್ನು ಕೊಂಡರು.

ಆ ಕಾಲದ ದರ್ಪಣ ಗಾಜಿನದಲ್ಲ. ತಾಮ್ರ ಮತ್ತು ತವರಗಳ ಮಿಶ್ರಲೋಹದ್ದು. ಅದನ್ನು ಕರಗಿಸಿ ಎರಕ ಹೊಯ್ದು, ನಡುವೆ ತುಸುವೇ ತಗ್ಗಾಗುವಂತೆ ಉಜ್ಜಿ, ಕನ್ನಡಿಯಂತೆ ಹೊಳೆಯುವವರೆಗೆ ಮೆರುಗು ಕೊಡಬೇಕು. ಆ ತಗ್ಗಿನಲ್ಲಿ ಕೂದಲೆಳೆಗಿಂತ ಸೂಕ್ಷ್ಮವಾದ ವ್ಯತ್ಯಾಸವಾದರೂ ನಕ್ಷತ್ರ ಬಿಂದುವಾಗಿ ಕಾಣದೆ ಮಸುಕಾಗಿ ಹರಡುತ್ತದೆ. ಮನೆ ಕಾರ್ಖಾನೆಯಾಯಿತು. ಎರಕದ ಅಚ್ಚಿಗೆ ಬೇಕಾದ ಕುದುರೆಯ ಲದ್ದಿಯನ್ನು ಕುಟ್ಟಿ ಜರಡಿ ಹಿಡಿದವರಲ್ಲಿ ಕ್ಯಾರೊಲಿನರೂ ಒಬ್ಬರು. ಮೆರುಗು ಕೊಡುವಾಗ ಕೈ ತೆಗೆಯುವಂತಿಲ್ಲ. ಒಮ್ಮೆ ಅಣ್ಣ ಹದಿನಾರು ಗಂಟೆಗಳ ಕಾಲ ದರ್ಪಣದ ಮೇಲಿಂದ ಕೈ ಎತ್ತದಿದ್ದಾಗ ತಂಗಿ ತುತ್ತು ತುತ್ತಾಗಿ ಬಾಯಿಗೆ ಊಟವಿಟ್ಟರು. ಬೇಸರ ಕಳೆಯಲು ಕಥೆಗಳನ್ನು ಓದಿ ಹೇಳಿದರು. ಹಗಲು ಶಿಷ್ಯರಿಗೆ ಪಾಠ, ಸಂಜೆ ಗೋಷ್ಠಿ, ರಾತ್ರಿ ಆಕಾಶ: ಹೀಗೆ ವರ್ಷಗಳು ಸಾಗಿದವು. 1781ರ ಆಗಸ್ಟಿನಲ್ಲಿ ಮೂರಡಿ ಅಗಲದ ದರ್ಪಣಕ್ಕೆ ಮನೆಯಲ್ಲೇ ಎರಕ ಹೊಯ್ಯುವಾಗ ಕರಗಿದ ಲೋಹ ನೆಲಕ್ಕೆ ಹರಿದು ಕಲ್ಲುಚಪ್ಪಡಿಗಳು ಸಿಡಿದುಹಾರಿದವು; ಎಲ್ಲರೂ ಓಡಿ ಜೀವ ಉಳಿಸಿಕೊಂಡರು.

ಅದಕ್ಕೆ ಕೆಲವೇ ತಿಂಗಳ ಮುಂಚೆ, 1781ರ ಮಾರ್ಚ್ 13ರ ಮಂಗಳವಾರ ರಾತ್ರಿ, ಜಗತ್ತಿಗೆ ಹೆಸರಾದ ಘಟನೆ ನಡೆಯಿತು. ಬಾತ್ ನಗರದ ನ್ಯೂ ಕಿಂಗ್ ಬೀದಿಯ 19ನೆಯ ನಂಬರಿನ ಮನೆಯ ಹಿತ್ತಲು. ಏಳಡಿ ಉದ್ದದ, ಆರಂಗುಲಕ್ಕೆ ತುಸು ಮೇಲ್ಪಟ್ಟ ದರ್ಪಣದ, ತಮ್ಮ ಕೈಯಿಂದಲೇ ಮಾಡಿದ ದೂರದರ್ಶಕ. ಹತ್ತರಿಂದ ಹನ್ನೊಂದು ಗಂಟೆಯೊಳಗೆ, ವೃಷಭ ಮತ್ತು ಮಿಥುನ ರಾಶಿಗಳು ಕೂಡುವೆಡೆಯಲ್ಲಿ ಒಂದು ಚುಕ್ಕೆ ಉಳಿದವುಗಳಿಗಿಂತ ಬೇರೆಯಾಗಿ ತೋರಿತು. ಹರ್ಷೆಲರು 227 ಪಟ್ಟು ವರ್ಧನೆಯಿಂದ 460ಕ್ಕೆ, ಬಳಿಕ 932ಕ್ಕೆ ಏರಿಸಿದರು. ನಕ್ಷತ್ರವಾದರೆ ವರ್ಧನೆಗೆ ತಕ್ಕಂತೆ ದೊಡ್ಡದಾಗದು. ಇದು ಬಿಲ್ಲೆಯಂತೆ ಬೆಳೆಯಿತು. ಕೆಲವು ದಿನ ಬಿಟ್ಟು ನೋಡಿದಾಗ ಸ್ಥಳ ಬದಲಿಸಿತ್ತು. ಅವರು ಅದನ್ನು ಧೂಮಕೇತುವೆಂದೇ ತಿಳಿದು ವರದಿ ಮಾಡಿದರು. ಲೆಕ್ಸೆಲ್ ಮೊದಲಾದ ಗಣಿತಜ್ಞರು ಪಥವನ್ನು ಎಣಿಸಿದಾಗ ಅದು ಶನಿಯಾಚೆ, ಶನಿಗಿಂತ ಎರಡು ಪಟ್ಟು ದೂರದಲ್ಲಿ ಸೂರ್ಯನನ್ನು ಸುತ್ತುವ ಗ್ರಹವೆಂದು ತಿಳಿಯಿತು. ಬರಿಗಣ್ಣಿಗೆ ಸುಲಭವಾಗಿ ಕಾಣುವ ಐದು ಗ್ರಹಗಳಿಗೆ ಮೊದಲ ಬಾರಿಗೆ ಹೊಸದೊಂದು ಸೇರಿತು. ಅದೇ ಯುರೇನಸ್.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಯುರೇನಸ್ಸನ್ನು ಮೊದಲು ಕಂಡವರು ಹರ್ಷೆಲರಲ್ಲ. ಗ್ರೀನಿಚ್ ವೀಕ್ಷಣಾಲಯದ ಫ್ಲಾಮ್‌ಸ್ಟೀಡರು 1690ರಲ್ಲಿಯೇ ಅದನ್ನು ಕಂಡು ಒಂದು ನಕ್ಷತ್ರವೆಂದು ಪಟ್ಟಿಯಲ್ಲಿ ಸೇರಿಸಿದ್ದರು. ಆ ಬಳಿಕವೂ ವೃತ್ತಿನಿರತರು ಕಂಡಿದ್ದರು, ಗುರುತಿಸಲಿಲ್ಲ. ಕಾಣುವುದು ಬೇರೆ, ಅರಿಯುವುದು ಬೇರೆ. ಲತೀನಿನಲ್ಲಿ ಪ್ರೀತಿಸುವುದಕ್ಕೆ ಅಮಾರೆ ಎನ್ನುತ್ತಾರೆ; ಅಮೆಚೂರ್ ಎಂಬ ಪದ ಬಂದುದು ಅದರಿಂದಲೇ. ಕೂಲಿಗಾಗಿ ಅಲ್ಲದೆ ಪ್ರೀತಿಗಾಗಿ ಒಂದನ್ನು ಮಾಡುವವನೇ ಹವ್ಯಾಸಿ. ಆಕಾಶದ ಒಂದೊಂದು ಚುಕ್ಕೆಯನ್ನೂ ಬಿಡದೆ ನೋಡುವೆನೆಂದು ಹೊರಟ ಪ್ರೀತಿಗೆ ಆ ಗ್ರಹ ತನ್ನ ಗುರುತನ್ನು ಬಿಟ್ಟುಕೊಟ್ಟಿತು.

ರಾಯಲ್ ಸೊಸೈಟಿ ಆ ವರ್ಷವೇ ಅವರಿಗೆ ಕಾಪ್ಲಿ ಪದಕವನ್ನಿತ್ತಿತು. 1782ರಲ್ಲಿ ಮೂರನೆಯ ಜಾರ್ಜ್ ದೊರೆ ವರ್ಷಕ್ಕೆ 200 ಪೌಂಡುಗಳ ವೇತನ ಗೊತ್ತುಮಾಡಿದನು. ಸಂಗೀತದ ಸಂಪಾದನೆಗಿಂತ ಅದು ಬಹಳ ಕಡಿಮೆ; ಹರ್ಷೆಲರು ಸಂತೋಷದಿಂದ ಒಪ್ಪಿ ಅರಮನೆಯ ಸಮೀಪಕ್ಕೆ ಮನೆ ಬದಲಿಸಿದರು.

ಅಣ್ಣನ ಈ ನಿರ್ಧಾರದೊಡನೆ ತಂಗಿಯ ಹಾಡು ನಿಂತಿತು. ಕಚೇರಿಗಳಲ್ಲಿ ಹಾಡಿ ಮೆಚ್ಚುಗೆ ಪಡೆದಿದ್ದ ಕ್ಯಾರೊಲಿನರು ಈಗ ರಾತ್ರಿಯೆಲ್ಲ ಲೇಖನಿ ಹಿಡಿದು ಕುಳಿತರು. ಕತ್ತಲೆಗೆ ಒಗ್ಗಿದ ಕಣ್ಣು ದೀಪ ನೋಡಿದರೆ ಮಸುಕಾದ ನೀಹಾರಿಕೆಗಳು ಕಾಣವು. ಆದುದರಿಂದ ಅಣ್ಣ ದೂರದರ್ಶಕದ ಬಳಿ ನಿಂತು ಕಂಡುದನ್ನು ಕೂಗಿ ಹೇಳುವುದು, ತಂಗಿ ಗಡಿಯಾರ ನೋಡಿ ಬರೆದುಕೊಂಡು ಮರುದಿನ ಗಣಿತ ಮಾಡುವುದು. ಹೀಗೆ ಇಪ್ಪತ್ತು ವರ್ಷಗಳಲ್ಲಿ ಸುಮಾರು 2500 ನೀಹಾರಿಕೆಗಳೂ ನಕ್ಷತ್ರಗುಚ್ಛಗಳೂ ಪಟ್ಟಿಗೆ ಬಂದವು. 1783ರ ಡಿಸೆಂಬರ್ 31ರ ರಾತ್ರಿ ಕರಗುತ್ತಿದ್ದ ಹಿಮದ ಮೇಲೆ ಓಡುವಾಗ ಕ್ಯಾರೊಲಿನರು ಜಾರಿ ಬಿದ್ದು, ಯಂತ್ರದ ಕಬ್ಬಿಣದ ಕೊಕ್ಕೆ ಮೊಣಕಾಲಿನ ಮೇಲೆ ತೊಡೆಗೆ ನಾಟಿತು. ಬಿಡಿಸಿ ಎತ್ತುವಾಗ ಮಾಂಸ ಕೊಕ್ಕೆಯಲ್ಲೇ ಉಳಿಯಿತು. ಆ ರಾತ್ರಿ ಮೋಡ ಕವಿದೇ ಇದ್ದುದರಿಂದ ಅಣ್ಣನ ವೀಕ್ಷಣೆಗೆ ನಷ್ಟವಾಗಲಿಲ್ಲವೆಂಬುದೇ ಅವರಿಗೆ ಸಮಾಧಾನವಾಗಿತ್ತು.

ಇದನ್ನು ಓದಿ ನಾವು ಕೇವಲ ಮೆಚ್ಚಿ ಮುಂದೆ ಹೋದರೆ ಸತ್ಯಕ್ಕೆ ಅಪಚಾರವಾದೀತು. ತಾಯಿಯ ಅಡಿಗೆಮನೆಯಿಂದ ಬಿಡಿಸಿದ ಅಣ್ಣ ತನ್ನ ಕೆಲಸಕ್ಕೇ ಅವಳನ್ನು ಕಟ್ಟಿಹಾಕಿದನೇ? ಈ ಪ್ರಶ್ನೆ ಸುಲಭವಾಗಿ ಕಳಚಿಕೊಳ್ಳುವಂಥದಲ್ಲ. 1788ರಲ್ಲಿ ವಿಲಿಯಂ ಮದುವೆಯಾದಾಗ ಮನೆಯ ಯಜಮಾನಿಕೆ ಅತ್ತಿಗೆಗೆ ಹೋಯಿತು. ಕ್ಯಾರೊಲಿನರು ಬೇರೆ ಬಿಡಾರ ಹೂಡಿದರು. ಮುಂದಿನ ಸುಮಾರು ಹತ್ತು ವರ್ಷಗಳ ದಿನಚರಿಯನ್ನು ಅವರೇ ನಾಶಮಾಡಿದರು. ಆ ನೋವು ಎಷ್ಟಿತ್ತೆಂಬುದು ಅವರಿಗೂ ದೇವರಿಗೂ ಗೊತ್ತು. ಆದರೆ ಕಹಿಯಲ್ಲೇ ಅವರು ಉಳಿಯಲಿಲ್ಲ. ಅತ್ತಿಗೆಯೊಡನೆ ಪ್ರೀತಿ ಬೆಳೆಯಿತು. ಅವಳ ಮಗ ಜಾನ್ ಅವರ ಕಣ್ಮಣಿಯಾದನು. ಅಣ್ಣ ಕೊಟ್ಟ ಸಣ್ಣ ದೂರದರ್ಶಕದಿಂದ 1786ರ ಆಗಸ್ಟ್ 1ರಂದು ಒಂದು ಧೂಮಕೇತುವನ್ನು ಕಂಡುಹಿಡಿದ ಅವರು 1797ರೊಳಗೆ ಒಟ್ಟು ಎಂಟನ್ನು ಕಂಡರು. 1787ರಿಂದ ದೊರೆ ಅವರಿಗೆ ವರ್ಷಕ್ಕೆ 50 ಪೌಂಡುಗಳ ವೇತನವಿತ್ತನು.

ಹರ್ಷೆಲರ ಹಂಬಲ ಬೆಳೆಯುತ್ತಲೇ ಹೋಯಿತು. ಸ್ಲೌ ಎಂಬಲ್ಲಿ 1789ರಲ್ಲಿ ನಾಲ್ವತ್ತು ಅಡಿ ಉದ್ದದ, ನಾಲ್ಕಡಿ ಅಗಲದ ದರ್ಪಣವುಳ್ಳ ದೂರದರ್ಶಕ ಸಿದ್ಧವಾಯಿತು. ಶನಿಯ ಎರಡು ಹೊಸ ಉಪಗ್ರಹಗಳನ್ನು ಅವರು ಆ ವರ್ಷವೇ ಕಂಡರು. ಆ ದಿನಗಳಲ್ಲಿ ಇಂಗ್ಲೆಂಡಿಗೆ ಬಂದಿದ್ದ ಇಟಲಿಯ ಥಿಯಟೈನ್ ಸಭೆಯ ಗುರು ಜುಸೆಪ್ಪೆ ಪಿಯಾಜಿ ಹರ್ಷೆಲರನ್ನು ಕಾಣಹೋಗಿ, ಏಣಿಯಿಂದ ಬಿದ್ದು ತೋಳು ಮುರಿದುಕೊಂಡರೆಂದು ಹೇಳುತ್ತಾರೆ. ಅದೇ ಗುರುಗಳು 1801ರ ಜನವರಿ 1ರಂದು ಪಲೆರ್ಮೊದಲ್ಲಿ ಸೀರೀಸ್ ಎಂಬ ಮೊದಲ ಕ್ಷುದ್ರಗ್ರಹವನ್ನು ಕಂಡುಹಿಡಿದರು. ಸೂರ್ಯನ ಬೆಳಕಿನಲ್ಲಿ ಕೆಂಪಿನಾಚೆ ಕಣ್ಣಿಗೆ ಕಾಣದ ಕಿರಣಗಳಿವೆಯೆಂದು ಹರ್ಷೆಲರು 1800ರಲ್ಲಿ ತೋರಿಸಿದರು. ತಪ್ಪುಗಳನ್ನೂ ಮಾಡಿದರು: ಚಂದ್ರನಲ್ಲಿ ಮಾತ್ರವಲ್ಲ, ಸೂರ್ಯನಲ್ಲಿಯೂ ಜೀವಿಗಳಿದ್ದಾರೆಂದು ನಂಬಿದ್ದರು.

1802ರಲ್ಲಿ ಅವರು ಪ್ಯಾರಿಸಿಗೆ ಹೋದಾಗ ನೆಪೋಲಿಯನ್ನನ ಮುಂದೆ ಒಂದು ಚರ್ಚೆ ನಡೆಯಿತು. ನಕ್ಷತ್ರಲೋಕದ ವಿಸ್ತಾರವನ್ನು ಕೇಳಿದ ನೆಪೋಲಿಯನ್ ಇದೆಲ್ಲದರ ಕರ್ತನಾರೆಂದು ಬೆರಗಾದನು. ನೈಸರ್ಗಿಕ ಕಾರಣಗಳ ಸರಪಳಿಯಿಂದಲೇ ಎಲ್ಲವನ್ನೂ ವಿವರಿಸಬಹುದೆಂದು ಪಂಡಿತ ಲಪ್ಲಾಸ್ ವಾದಿಸಿದನು. ಹರ್ಷೆಲರು ತಮ್ಮ ದಿನಚರಿಯಲ್ಲಿ, ಇಬ್ಬರ ವಾದಗಳನ್ನೂ ಕೂಡಿಸಿದರೆ ನಿಸರ್ಗಕ್ಕೂ ಅದರ ದೇವರಿಗೂ ತಲುಪುತ್ತೇವೆಂಬ ಅಭಿಪ್ರಾಯವನ್ನು ಬರೆದಿಟ್ಟರು. ಸಂತ ತೋಮಸ್ ಅಕ್ವಿನಾಸರಿಂದ ನಾವು ಕಲಿತುದೂ ಇದಕ್ಕೆ ಹತ್ತಿರದ್ದೇ. ಪ್ರಥಮ ಕಾರಣನು ದ್ವಿತೀಯ ಕಾರಣಗಳಿಗೆ ಪ್ರತಿಸ್ಪರ್ಧಿಯಲ್ಲ. ಅವು ನಿಜವಾಗಿ ಕೆಲಸ ಮಾಡುವಂತೆ ಅವುಗಳಿಗೆ ಇರವನ್ನು ಕೊಡುವವನು. ಗುರುತ್ವದಿಂದ ಗ್ರಹ ಸುತ್ತುತ್ತದೆ ಎಂದು ನಮ್ಮ ಮಕ್ಕಳು ಶಾಲೆಯಲ್ಲಿ ಕಲಿತು ಬಂದಾಗ, ಅದರಿಂದ ದೇವರ ಪಾಲು ಕಡಿಮೆಯಾಯಿತೆಂದು ತಂದೆತಾಯಿಗಳು ಅಂಜಬೇಕಾಗಿಲ್ಲ.

ಹರ್ಷೆಲರು 1822ರ ಆಗಸ್ಟ್ 25ರಂದು ಸ್ಲೌನಲ್ಲಿ ತೀರಿಕೊಂಡರು. ವಯಸ್ಸು 83 ತುಂಬಿ ಒಂಬತ್ತು ತಿಂಗಳು. ಯುರೇನಸ್ ಸೂರ್ಯನನ್ನು ಒಮ್ಮೆ ಸುತ್ತಲು ಬೇಕಾಗುವುದು 84 ವರ್ಷ. ತಾವು ಕಂಡ ಗ್ರಹದ ಹೆಚ್ಚುಕಡಿಮೆ ಒಂದು ವರ್ಷವನ್ನು ಅವರು ಬಾಳಿದರು. ಕ್ಯಾರೊಲಿನರು ಹ್ಯಾನೋವರಿಗೆ ಮರಳಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅಣ್ಣನ ನೀಹಾರಿಕೆಗಳ ಪಟ್ಟಿಯನ್ನೆಲ್ಲ ಹೊಸ ಕ್ರಮದಲ್ಲಿ ಜೋಡಿಸಿ, ಖಗೋಳಜ್ಞನಾಗಿದ್ದ ಜಾನ್‌ಗೆ ಕಳುಹಿಸಿಕೊಟ್ಟರು. ಅದಕ್ಕಾಗಿ 1828ರಲ್ಲಿ ಲಂಡನ್ನಿನ ಖಗೋಳ ಸಂಘ ಚಿನ್ನದ ಪದಕವನ್ನಿತ್ತಿತು. 1848ರ ಜನವರಿ 9ರಂದು, 97ನೆಯ ವಯಸ್ಸಿನಲ್ಲಿ, ಅವರು ಕಣ್ಮುಚ್ಚಿದರು.

ಹಿತ್ತಲಿದ್ದ ಆ ಬಾತ್ ನಗರದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಕಂಡುಹಿಡಿದ ದಿನದಿಂದ ಯುರೇನಸ್ ಎರಡು ಸುತ್ತುಗಳನ್ನು ಮುಗಿಸಿದೆ. 2033ರಲ್ಲಿ ಮೂರನೆಯದು ಪೂರ್ಣವಾಗಿ, ಹರ್ಷೆಲರು ಕಂಡೆಡೆಗೇ ಅದು ಮರಳುತ್ತದೆ. ಅದನ್ನು ಸಣ್ಣ ದೂರದರ್ಶಕದಲ್ಲಿ ನೋಡಲು ನಮ್ಮ ಮನೆಗಳ ಮಕ್ಕಳಿಗೂ ಸಾಧ್ಯ.

ಪ್ರಿಯ ಓದುಗ ಬಂಧುಗಳೇ, ಈ ವಾರ ಒಂದು ರಾತ್ರಿ ಜಪಮಾಲೆ ಮುಗಿದ ಮೇಲೆ ಮನೆಯ ದೀಪಗಳನ್ನು ಆರಿಸಿ ಮಕ್ಕಳೊಡನೆ ಅಂಗಳಕ್ಕೆ ಬನ್ನಿರಿ. ಬಡ ಓಬೋ ವಾದಕನೊಬ್ಬ ಮಕ್ಕಳಿಗೆ ಕೊಟ್ಟ ಆಸ್ತಿ ಅಷ್ಟೇ. ಒಳಗೆ ಬರುವಾಗ ಇನ್ನೊಂದನ್ನೂ ಮರೆಯದಿರೋಣ. ಒಬ್ಬರು ನೆಮ್ಮದಿಯಿಂದ ಆಕಾಶ ನೋಡಲು ಮನೆಯಲ್ಲಿ ಇನ್ನಾರೋ ಒಲೆಯ ಮುಂದೆ ನಿಂತಿರುತ್ತಾರೆ. ಅವರನ್ನೂ ಹೆಸರು ಹಿಡಿದು ಹೊರಗೆ ಕರೆಯೋಣ.