ಆರುನೂರು ರೂಪಾಯಿಗೆ ಮಗ್ಗಕ್ಕೆ ಕೂತ ಇಕ್ಬಾಲ್

ಲಿಂಗರಾಜಪುರದ ನಮ್ಮ ಸಂಡೇ ಸ್ಕೂಲಿನಲ್ಲಿ ಈ ತಿಂಗಳು ಮಕ್ಕಳಿಗೆ ಒಂದು ಚಿತ್ರಪುಸ್ತಕ ತೋರಿಸ್ತಾ ಇದ್ದೀವಿ. ಜೀನೆಟ್ ವಿಂಟರ್ ಅನ್ನೋ ಲೇಖಕಿಯದು, 2014ರಲ್ಲಿ ಬಂತು. ಒಂದು ಕಡೆಯಿಂದ ತೆರೆದರೆ ಮಲಾಲಾಳ ಕಥೆ, ತಿರುಗಿಸಿ ಹಿಡಿದರೆ ಇಕ್ಬಾಲ್ ಮಸೀಹನ ಕಥೆ. ಮಲಾಲಾ ನಿಮಗೆಲ್ಲ ಗೊತ್ತು. ಇಕ್ಬಾಲನ ಜೀವನ ಇವತ್ತು ಹೇಳ್ತೀನಿ. ಮಕ್ಕಳು ಮನೆಗೆ ಬಂದು ಕೇಳ್ತಾರೆ, ಉತ್ತರ ನಿಮ್ಮ ಹತ್ರ ಇರಬೇಕು.

ಇಕ್ಬಾಲ್ 1983ರಲ್ಲಿ ಪಾಕಿಸ್ತಾನದ ಲಾಹೋರ್ ಹತ್ತಿರದ ಮುರೀದ್ಕೆಯಲ್ಲಿ ಬಡ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದ. ಅಣ್ಣನ ಮದುವೆಗೆ ಮನೆಯವರು ಕಾರ್ಪೆಟ್ ಮಾಲೀಕನಿಂದ 600 ರೂಪಾಯಿ ತಗೊಂಡ್ರು. ಅದನ್ನು ತೀರಿಸೋಕೆ ನಾಲ್ಕು ವರ್ಷದ ಹುಡುಗ ಮಗ್ಗದ ಮುಂದೆ ಕೂತ. ಅಲ್ಲಿ ಈ ಹಣಕ್ಕೆ ಪೇಶ್ಗಿ ಅಂತಾರೆ, ನಮ್ಮ ಕಡೆ ಮುಂಗಡ. ಬೆಳಗಾಗೋ ಮೊದಲೇ ಕೆಲಸ, ಓಡಿಹೋಗದ ಹಾಗೆ ಕೆಲವೊಮ್ಮೆ ಸರಪಳಿ. ಆದರೂ ಸಾಲ ಕರಗಲಿಲ್ಲ. ಬಡ್ಡಿ, ಊಟದ ಖರ್ಚು, ತಪ್ಪಿಗೆ ದಂಡ ಎಲ್ಲ ಸೇರಿ 13,000 ರೂಪಾಯಿ ಆಯ್ತು. ಸರಿಯಾಗಿ ಊಟವಿಲ್ಲದೆ, ಬಗ್ಗಿ ಕೂತು ಕೂತು, ಅವನ ಮೈ ಬೆಳೆಯಲೇ ಇಲ್ಲ.

ಜೀತ ನಿಷೇಧಿಸುವ ಕಾನೂನು ಪಾಕಿಸ್ತಾನದಲ್ಲಿ 1992ರಲ್ಲಿ ಬಂತು. ಹತ್ತು ವರ್ಷದ ಇಕ್ಬಾಲ್ ಜೀತ ವಿಮೋಚನಾ ರಂಗದ ಒಂದು ಸಭೆಗೆ ಹೋದ. ಆ ಸಾಲ ಕಾನೂನಿನ ಮುಂದೆ ಸಾಲವೇ ಅಲ್ಲ ಅಂತ ಅಲ್ಲಿ ತಿಳಿಯಿತು. ಮತ್ತೆ ಮಗ್ಗಕ್ಕೆ ಹೋಗಲಿಲ್ಲ. ರಂಗದ ಶಾಲೆ ಸೇರಿದ, ವಕೀಲನಾಗಬೇಕು ಅಂದುಕೊಂಡ, ಬೇರೆ ಮಕ್ಕಳ ಬಿಡುಗಡೆಗೆ ಮಾತಾಡಿದ. 1994ರಲ್ಲಿ ಬಾಸ್ಟನ್‌ನಲ್ಲಿ ರೀಬಾಕ್ ಪ್ರಶಸ್ತಿ ತಗೊಳ್ಳುವಾಗ ಒಂದು ಕೈಯಲ್ಲಿ ಕಾರ್ಪೆಟ್ ನೇಯುವ ಹತಾರ, ಇನ್ನೊಂದರಲ್ಲಿ ಪೆನ್ನು ಎತ್ತಿ ತೋರಿಸಿದ.

1995ರ ಏಪ್ರಿಲ್ 16, ಪುನರುತ್ಥಾನದ ಭಾನುವಾರ. ಊರಿಗೆ ಬಂದಿದ್ದ. ಸೈಕಲ್ ಮೇಲೆ ಸಂಬಂಧಿಕರ ಜೊತೆ ಹೋಗ್ತಿದ್ದಾಗ ಗುಂಡು ತಗುಲಿ ಸತ್ತ. ವಯಸ್ಸು 12. ಪೊಲೀಸರು ಒಬ್ಬ ಕೂಲಿಯವನ ಕಡೆ ಬೆರಳು ತೋರಿಸಿದರು, ರಂಗದವರು ಕಾರ್ಪೆಟ್ ಮಾಲೀಕರ ಕಡೆ. ಅವನು ಭೇಟಿ ಕೊಟ್ಟಿದ್ದ ಅಮೆರಿಕದ ಕ್ವಿನ್ಸಿ ಊರಿನ ಶಾಲೆಯ ಮಕ್ಕಳು ತಲಾ 12 ಡಾಲರ್ ಕೇಳಿ ಹಣ ಕೂಡಿಸಿ, ಅವನ ಹೆಸರಲ್ಲಿ ಪಾಕಿಸ್ತಾನದಲ್ಲಿ ಶಾಲೆ ಕಟ್ಟಿಸಿದರು.

ನಮ್ಮ ಟೀಚರ್‌ಗಳಿಗೆ ನಾನು ಹೇಳಿದ್ದು ಇಷ್ಟೇ: ಅವನ ಸಾವಿನ ಹತ್ರ ಹೆಚ್ಚು ಹೊತ್ತು ನಿಲ್ಲಬೇಡಿ, ಚಿಕ್ಕವರಿಗೆ ಅದೊಂದೇ ನೆನಪು ಉಳಿಯುತ್ತೆ. ಸಾಲದ ಹತ್ರ ನಿಲ್ಲಿ. 600 ರೂಪಾಯಿ ಹೇಗೆ 13,000 ಆಯ್ತು ಅಂತ ಬೋರ್ಡ್ ಮೇಲೆ ಲೆಕ್ಕ ಹಾಕಿಸಿ. ಪಾಪ ಅನ್ನೋದಕ್ಕಿಂತ ಆ ಲೆಕ್ಕ ಮುಖ್ಯ.

ಪಾಕಿಸ್ತಾನದ ವಿಷಯ ಅಂತ ದೂರ ಇಡಬೇಡಿ. ನಮ್ಮ ಕರ್ನಾಟಕದಲ್ಲೇ ರೇಷ್ಮೆ ಗೂಡು ಬಿಚ್ಚುವ ಕಡೆ ಮುಂಗಡಕ್ಕೆ ಸಿಕ್ಕ ಮಕ್ಕಳು ಸುಡುವ ನೀರಿಗೆ ಕೈ ಹಾಕಿ ದುಡಿದದ್ದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ವರದಿ ಮಾಡಿದೆ. ಮನೆಗೆಲಸಕ್ಕೆ 14 ವರ್ಷದೊಳಗಿನವರನ್ನು ಇಟ್ಟುಕೊಳ್ಳೋದು 2006ರಿಂದಲೇ ಅಪರಾಧ. ಊರಿಂದ ಕರೆತಂದ ಹುಡುಗಿ, ಓದಿಸ್ತೀವಿ ಅಂತ ಹೇಳಿದ್ದು, ಈಗ ಪಾತ್ರೆ ತೊಳೀತಾ ಇದ್ದಾಳೆ, ಅಂಥವಳು ನಮ್ಮ ಸಭೆಯ ಯಾರ ಮನೆಯಲ್ಲಾದರೂ ಇದ್ದರೆ ಆರಾಧನೆ ಮುಗಿದ ಮೇಲೆ ನನ್ನ ಹತ್ರ ಬನ್ನಿ. ಶಾಲೆಗೆ ಸೇರಿಸೋ ಕೆಲಸ ಸೋಮವಾರವೇ ಶುರು ಮಾಡೋಣ. ಬೇರೆ ಕಡೆ ಅಂಥ ಮಗುವನ್ನು ಕಂಡರೆ 1098ಕ್ಕೆ ಫೋನ್ ಮಾಡಿ.