ಕಲಬೆರಕೆ ಹಿಡಿದ ರಸಾಯನಶಾಸ್ತ್ರಜ್ಞ ಫ್ರೆಡ್ರಿಕ್ ಅಕ್ಕುಮ್



ರಂಜಾನ್ ತಿಂಗಳಲ್ಲಿ ಇಫ್ತಾರ್‌ಗೆ ಲಿಂಬೆ ಶರಬತ್ತು ಮಾಡುವುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ಕಳೆದ ಸಲ ಒಂದು ಸಂಜೆ ಮನೆಯಲ್ಲಿ ಒಂದೇ ಲಿಂಬೆಹಣ್ಣು ಉಳಿದಿತ್ತು. ಉಮ್ಮ ಉಪ್ಪಿನಕಾಯಿಗೆಂದು ತಂದಿಟ್ಟಿದ್ದ ಸಿಟ್ರಿಕ್ ಆಸಿಡ್ ಪುಡಿಯನ್ನು ನೀರಿಗೆ ಕದಡಿ, ಸಕ್ಕರೆ ಹಾಕಿ, ಆ ಒಂದು ಹಣ್ಣನ್ನು ತೆಳುವಾಗಿ ಹೆಚ್ಚಿ ಮೇಲೆ ತೇಲಿಬಿಟ್ಟೆ. ಎಲ್ಲರೂ ಕುಡಿದರು, ಚೆನ್ನಾಗಿದೆ ಎಂದರು. ನಾನು ಸುಮ್ಮನಿದ್ದೆ.

ಇದೇ ಉಪಾಯವನ್ನು 200 ವರ್ಷಗಳ ಹಿಂದೆ ಲಂಡನ್ನಿನ ವ್ಯಾಪಾರಿಗಳು ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದ್ದರು ಎಂದು ನನಗೆ ಗೊತ್ತಾದದ್ದು ನಮ್ಮ ಕೆಮಿಸ್ಟ್ರಿ ಲ್ಯಾಬಿನಲ್ಲಿ. ಅವರನ್ನು ಬಯಲಿಗೆಳೆದ ಫ್ರೆಡ್ರಿಕ್ ಅಕ್ಕುಮ್ ಅವರ ಹೆಸರನ್ನು ಸರ್ ಹೇಳಿದರು. ಅವರ ಜೀವನವನ್ನು ಓದುತ್ತಾ ಹೋದಂತೆ ಅದರ ಮೊದಲರ್ಧ ನನಗೆ ಹೆಮ್ಮೆ ತಂದಿತು, ಉಳಿದರ್ಧ ನಾಚಿಕೆ ತಂದಿತು. ಎರಡನ್ನೂ ನಿಮ್ಮ ಮುಂದಿಡುತ್ತೇನೆ.

ಅಕ್ಕುಮ್ ಅವರು 1769ರ ಮಾರ್ಚ್ 29ರಂದು ಜರ್ಮನಿಯ ಬ್ಯೂಕೆಬುರ್ಗ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ಸಾಬೂನು ತಯಾರಿಸುತ್ತಿದ್ದರು. ಮಗ ಚಿಕ್ಕವನಿದ್ದಾಗಲೇ ತೀರಿಹೋದರು. ಹುಡುಗ ಔಷಧಿ ತಯಾರಿಕೆಯ ಕೆಲಸ ಕಲಿತು, 1793ರಲ್ಲಿ ಲಂಡನ್ನಿಗೆ ಬಂದು ಒಂದು ಔಷಧಾಲಯದಲ್ಲಿ ಸಹಾಯಕರಾದರು. ಪರದೇಶ, ಪರಭಾಷೆ. ಆದರೂ ಕಲಿಯುವ ಹಂಬಲ ಬಿಡಲಿಲ್ಲ. 1800ರ ಹೊತ್ತಿಗೆ ಓಲ್ಡ್ ಕಾಂಪ್ಟನ್ ಸ್ಟ್ರೀಟ್‌ನ ತಮ್ಮ ಮನೆಯಲ್ಲೇ ಪ್ರಯೋಗಾಲಯ, ಪಾಠಶಾಲೆ ಮತ್ತು ಉಪಕರಣಗಳ ಅಂಗಡಿಯನ್ನು ತೆರೆದರು. ಸ್ವಲ್ಪ ಕಾಲ ಲಂಡನ್ನಿನ ಹೆಸರಾಂತ ವಿಜ್ಞಾನ ಸಂಸ್ಥೆಯಾದ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲೂ ಕೆಲಸ ಮಾಡಿದರು. ಕಲ್ಲಿದ್ದಲ ಅನಿಲದಿಂದ ಬೀದಿದೀಪ ಉರಿಸುವ ಹೊಸ ವಿದ್ಯೆಯ ಬಗ್ಗೆ 1815ರಲ್ಲಿ ಪುಸ್ತಕ ಬರೆದರು. ಆ ಕಾಲದಲ್ಲಿ ರಸಾಯನಶಾಸ್ತ್ರವನ್ನು ಜನಸಾಮಾನ್ಯರ ಬಳಿಗೆ ಒಯ್ದವರಲ್ಲಿ ಅವರೂ ಒಬ್ಬರು.

ಅವರಿಗೆ ಎಲ್ಲಕ್ಕಿಂತ ಹೆಚ್ಚು ಹೆಸರು ತಂದದ್ದು 1820ರಲ್ಲಿ ಪ್ರಕಟವಾದ, ಆಹಾರದ ಕಲಬೆರಕೆ ಮತ್ತು ಅಡುಗೆಮನೆಯ ವಿಷಗಳ ಕುರಿತ ಪುಸ್ತಕ. ಒಂದೇ ತಿಂಗಳಲ್ಲಿ ಅದರ 1,000 ಪ್ರತಿಗಳು ಮಾರಾಟವಾದವು. ಅದರೊಳಗಿನ ವಿಷಯ ಓದಿದರೆ ಇಂದಿಗೂ ಗಾಬರಿಯಾಗುತ್ತದೆ. ರೊಟ್ಟಿಯನ್ನು ಬೆಳ್ಳಗೆ ಮಾಡಲು ಪಟಿಕ ಸೇರಿಸುತ್ತಿದ್ದರು. ಉಪ್ಪಿನಕಾಯಿ ಹಸಿರಾಗಿ ಕಾಣಲೆಂದು ತಾಮ್ರ ಬಳಸುತ್ತಿದ್ದರು. ಚೀಸಿಗೆ ಹಾಕುವ ಬಣ್ಣದಲ್ಲಿ ಸೀಸದ ಕೆಂಪು ಪುಡಿ ಸೇರಿರುತ್ತಿತ್ತು. ಮಕ್ಕಳ ಮಿಠಾಯಿಗೂ ಸೀಸ, ತಾಮ್ರಗಳ ಬಣ್ಣ ಬಳಿಯುತ್ತಿದ್ದರು. ಚಹಾದ ಹೆಸರಿನಲ್ಲಿ ಬೇಲಿಗಿಡಗಳ ಎಲೆ ಮಾರಾಟವಾಗುತ್ತಿತ್ತು. ನಮ್ಮ ಕಡೆಯ ಕರಿಮೆಣಸೂ ಬಚಾವಾಗಿರಲಿಲ್ಲ. ಎಣ್ಣೆ ತೆಗೆದ ಅಗಸೆಬೀಜದ ಹಿಂಡಿ, ಜೇಡಿಮಣ್ಣು ಮತ್ತು ಖಾರದ ಪುಡಿಯನ್ನು ಕಲಸಿ ಕಾಳುಗಳನ್ನಾಗಿ ಮಾಡಿ ಬೆರೆಸುತ್ತಿದ್ದರು. ಅದನ್ನು ಕಂಡುಹಿಡಿಯಲು ಅಕ್ಕುಮ್ ಹೇಳಿದ ದಾರಿ ಬಹಳ ಸುಲಭ: ಒಂದಿಷ್ಟು ಕಾಳುಗಳನ್ನು ನೀರಿಗೆ ಹಾಕಿದರೆ ಸುಳ್ಳು ಕಾಳು ಕರಗಿ ಪುಡಿಯಾಗುತ್ತದೆ, ನಿಜವಾದ ಮೆಣಸು ಹಾಗೆಯೇ ಉಳಿಯುತ್ತದೆ.

ಆ ಪುಸ್ತಕದಲ್ಲಿ ಲಿಂಬೆಯ ಆಮ್ಲಕ್ಕೂ ಒಂದು ಅಧ್ಯಾಯವಿದೆ. ಲಿಂಬೆರಸ ಬೇಗ ಕೆಡುತ್ತದೆ. ಹಾಗಾಗಿ ಪಾನಕಗಳಿಗೆ ರಸದ ಬದಲು ಅದರಿಂದ ತೆಗೆದ ಸಿಟ್ರಿಕ್ ಆಮ್ಲದ ಹರಳುಗಳನ್ನು ಬಳಸುವ ರೂಢಿ ಇತ್ತು. ವ್ಯಾಪಾರಿಗಳು ಇಲ್ಲಿ ಇನ್ನೊಂದು ಮೋಸ ಸೇರಿಸಿದರು. ಸಿಟ್ರಿಕ್ ಆಮ್ಲದ ಹೆಸರಿನಲ್ಲಿ ಟಾರ್ಟಾರಿಕ್ ಆಮ್ಲ ಮಾರಿದರು. ಟಾರ್ಟಾರಿಕ್ ನಮಗೆ ಹೊಸದಲ್ಲ. ಹುಣಸೆಹಣ್ಣಿನ ಹುಳಿಗೆ ಕಾರಣ ಅದೇ. ಯುರೋಪಿನಲ್ಲಿ ಅದು ದ್ರಾಕ್ಷಾರಸದ ಪೀಪಾಯಿಗಳ ಒಳಗೆ ಕಟ್ಟಿಕೊಳ್ಳುವ ಗಷ್ಟಿನಿಂದ ಅಗ್ಗವಾಗಿ ಸಿಗುತ್ತಿತ್ತು. ಎರಡೂ ಬಿಳಿ ಹರಳು, ಎರಡೂ ಹುಳಿ. ನಾಲಿಗೆಗೆ ವ್ಯತ್ಯಾಸ ತಿಳಿಯುವುದು ಕಷ್ಟ.

ನಾಲಿಗೆಗೆ ತಿಳಿಯದ್ದು ರಾಸಾಯನಿಕ ಪರೀಕ್ಷೆಗೆ ತಿಳಿಯುತ್ತದೆ. ಹರಳುಗಳ ಗಾಢ ದ್ರಾವಣಕ್ಕೆ ಪೊಟ್ಯಾಸಿಯಂ ಲವಣದ ಗಾಢ ದ್ರಾವಣವನ್ನು ಸೇರಿಸಬೇಕು. ಟಾರ್ಟಾರಿಕ್ ಆಮ್ಲವಿದ್ದರೆ ಪೊಟ್ಯಾಸಿಯಂ ಬೈಟಾರ್ಟ್ರೇಟ್ ಎಂಬ, ನೀರಿನಲ್ಲಿ ಬಹಳ ಕಡಿಮೆ ಕರಗುವ ವಸ್ತು ಬಿಳಿ ಹರಳಾಗಿ ತಳಕ್ಕಿಳಿಯುತ್ತದೆ. ಬರೀ ಸಿಟ್ರಿಕ್ ಆಮ್ಲವಿದ್ದರೆ ದ್ರಾವಣ ತಿಳಿಯಾಗಿಯೇ ಉಳಿಯುತ್ತದೆ. ಸರ್ ಈ ಪರೀಕ್ಷೆಯನ್ನು ನಮಗೆ ಮಾಡಿ ತೋರಿಸಿದರು. ಗಾಜಿನ ಕಡ್ಡಿಯಿಂದ ಪ್ರನಾಳದ ಒಳಗೋಡೆಯನ್ನು ಕೆರೆದ ಸ್ವಲ್ಪ ಹೊತ್ತಿಗೆ ಬಿಳಿ ಹರಳುಗಳು ಇಳಿಯತೊಡಗಿದವು. ಸುಳ್ಳು ತಳದಲ್ಲಿ ಕಣ್ಣಿಗೆ ಕಾಣುವಂತೆ ಕುಳಿತಿತ್ತು.

ನನ್ನ ಶರಬತ್ತು ಈ ಪರೀಕ್ಷೆಯಲ್ಲಿ ಪಾಸಾಗುತ್ತಿತ್ತು, ಏಕೆಂದರೆ ನಾನು ಹಾಕಿದ್ದು ಸಿಟ್ರಿಕ್ ಆಮ್ಲವೇ. ಆದರೆ ಸಿಟ್ರಿಕ್ ಆಮ್ಲವೆಂದರೆ ಲಿಂಬೆರಸವಲ್ಲ. ರಸದಲ್ಲಿ ವಿಟಮಿನ್ ಸಿ ಇದೆ, ಖನಿಜಗಳಿವೆ, ಅಲ್ಪ ಪ್ರಮಾಣದಲ್ಲಿ ಐಸೋಸಿಟ್ರಿಕ್ ಎಂಬ ಇನ್ನೊಂದು ಆಮ್ಲವೂ ಇದೆ. ಹೊರಗಿನಿಂದ ಸಿಟ್ರಿಕ್ ಆಮ್ಲ ಸುರಿದರೆ ಈ ಎರಡು ಆಮ್ಲಗಳ ಅನುಪಾತ ಕೆಡುತ್ತದೆ. ಇಂದಿನ ಪ್ರಯೋಗಾಲಯಗಳು ಅದನ್ನೇ ಅಳೆದು ಮೋಸ ಹಿಡಿಯುತ್ತವೆ. ಸಕ್ಕರೆಯ ಕಥೆಯೂ ಹೀಗೆಯೇ. ಪಠ್ಯದಲ್ಲಿ ನಾವು ಓದುವ ಸಿ3, ಸಿ4 ಸಸ್ಯಗಳನ್ನು ನೆನಪಿಸಿಕೊಳ್ಳಿ. ಕಿತ್ತಳೆ ಸಿ3 ಸಸ್ಯ, ಕಬ್ಬು ಮತ್ತು ಜೋಳ ಸಿ4. ಇವುಗಳ ಸಕ್ಕರೆಯಲ್ಲಿ ಇಂಗಾಲದ ಐಸೋಟೋಪುಗಳ ಪ್ರಮಾಣ ಬೇರೆ ಬೇರೆ. ಆದ್ದರಿಂದ ಕಿತ್ತಳೆ ಜ್ಯೂಸಿಗೆ ಕಬ್ಬಿನ ಸಕ್ಕರೆ ಬೆರೆಸಿದರೆ ಗೊತ್ತಾಗುತ್ತದೆ. ಬೀಟ್ ಗೆಡ್ಡೆಯ ಸಕ್ಕರೆ ಬೆರೆಸಿದರೆ ಮಾತ್ರ ಈ ದಾರಿಯಲ್ಲಿ ಗೊತ್ತಾಗದು, ಏಕೆಂದರೆ ಬೀಟ್ ಕೂಡ ಸಿ3. ಅದಕ್ಕೆ ಬೇರೆ ಪರೀಕ್ಷೆ ಬೇಕು. ಮೋಸ ಒಂದು ಹೆಜ್ಜೆ ಮುಂದಿಟ್ಟರೆ ವಿಜ್ಞಾನವೂ ಒಂದು ಹೆಜ್ಜೆ ಮುಂದಿಡಬೇಕಾಗುತ್ತದೆ.

ಮತ್ತೆ ಅಕ್ಕುಮ್ ಅವರ ಬಳಿಗೆ ಬರೋಣ. ಅವರು ಪರೀಕ್ಷೆಗಳನ್ನು ಬರೆದು ಸುಮ್ಮನಾಗಲಿಲ್ಲ. ಕಲಬೆರಕೆಗಾಗಿ ಶಿಕ್ಷೆಯಾದ ವ್ಯಾಪಾರಿಗಳ ಹೆಸರುಗಳನ್ನೂ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಬೆದರಿಕೆಗಳು ಬಂದವು. ಅವರು ಹಿಂಜರಿಯದೆ ಅದೇ ವರ್ಷ ಎರಡನೇ ಮುದ್ರಣವನ್ನೂ ಹೊರತಂದರು. ಈ ಧೈರ್ಯವನ್ನು ಓದಿದಾಗ ನನಗೆ ಅವರ ಮೇಲೆ ಅಪಾರ ಗೌರವ ಮೂಡಿತು.

ಆದರೆ 1820ರ ಕೊನೆಯಲ್ಲಿ ಎಲ್ಲವೂ ತಲೆಕೆಳಗಾಯಿತು. ರಾಯಲ್ ಇನ್‌ಸ್ಟಿಟ್ಯೂಷನ್‌ನ ಗ್ರಂಥಾಲಯದಲ್ಲಿ ಅಕ್ಕುಮ್ ಓದಿ ಹೋದ ಪುಸ್ತಕಗಳಲ್ಲಿ ಹಾಳೆಗಳು ಕಾಣೆಯಾಗುತ್ತಿರುವುದನ್ನು ಅಲ್ಲಿನ ಸಹಾಯಕರು ಗಮನಿಸಿದರು. ಗುಟ್ಟಾಗಿ ಕಣ್ಣಿಟ್ಟರು. ಡಿಸೆಂಬರಿನಲ್ಲಿ ಅವರ ಮನೆಯನ್ನು ಶೋಧಿಸಿದಾಗ ಹರಿದ ಹಾಳೆಗಳು ಸಿಕ್ಕವು. ಪುಸ್ತಕದಿಂದ ಬೇರೆಯಾದ ಹಾಳೆ ಬರೀ ರದ್ದಿ ಕಾಗದ ಎಂದು ಮ್ಯಾಜಿಸ್ಟ್ರೇಟರು ಮೊದಲು ಪ್ರಕರಣವನ್ನು ಕೈಬಿಟ್ಟರು. ಸಂಸ್ಥೆ ಬಿಡಲಿಲ್ಲ, ಮತ್ತೆ ದೂರು ಕೊಟ್ಟಿತು. ಸ್ನೇಹಿತರು ಜಾಮೀನು ನಿಂತರು. 1821ರ ಏಪ್ರಿಲ್‌ನಲ್ಲಿ ವಿಚಾರಣೆಯ ದಿನ ಅಕ್ಕುಮ್ ನ್ಯಾಯಾಲಯಕ್ಕೆ ಬರಲಿಲ್ಲ. ಇಂಗ್ಲೆಂಡನ್ನೇ ಬಿಟ್ಟು ಜರ್ಮನಿಗೆ ಹೋಗಿಬಿಟ್ಟರು.

ಇದರ ಹಿಂದೆ ಅವರ ಶತ್ರುಗಳ ಕೈವಾಡವಿತ್ತು ಎಂದು ಸಂಶಯ ಪಟ್ಟವರಿದ್ದಾರೆ. ಶತ್ರುಗಳೇನೋ ಇದ್ದರು. ಆದರೆ ಹಾಳೆಗಳು ಅವರ ಮನೆಯಲ್ಲೇ ಸಿಕ್ಕಿದ್ದವು. ಬರ್ಲಿನ್ನಿನಲ್ಲಿ ಅವರು ಪ್ರಾಧ್ಯಾಪಕರಾದರು, ಕಟ್ಟಡ ಸಾಮಗ್ರಿಗಳ ಕುರಿತು ಪುಸ್ತಕ ಬರೆದರು, 1838ರ ಜೂನ್ 28ರಂದು ಅಲ್ಲಿಯೇ ನಿಧನರಾದರು. ತಾವು ಹೆಸರು ಮಾಡಿದ ಲಂಡನ್ನಿನಲ್ಲಿ ಮತ್ತೆ ನೆಲೆಸಲಿಲ್ಲ.

ನಷ್ಟ ಅವರೊಬ್ಬರದೇ ಆಗಿರಲಿಲ್ಲ. ಕಲಬೆರಕೆದಾರರಿಗೆ ಹೆದರಿಕೆ ಹುಟ್ಟಿಸಿದ್ದ ಧ್ವನಿ ಅಡಗಿತು. ಪರೀಕ್ಷೆಗಳೆಲ್ಲ ಸರಿಯಾಗಿದ್ದವು, ಆದರೆ ಅವುಗಳನ್ನು ಹೇಳಿದವರ ಮೇಲಿನ ನಂಬಿಕೆ ಹೋಗಿತ್ತು. ಆರ್ಥರ್ ಹಿಲ್ ಹಸಲ್ ಎಂಬ ವೈದ್ಯರು ಸೂಕ್ಷ್ಮದರ್ಶಕ ಹಿಡಿದು ಈ ಕೆಲಸವನ್ನು ದೊಡ್ಡದಾಗಿ ಮುಂದುವರಿಸಿದ್ದು 1850ರ ದಶಕದಲ್ಲಿ. ಬ್ರಿಟನ್ನಿನಲ್ಲಿ ಆಹಾರ ಕಲಬೆರಕೆ ತಡೆಯುವ ಮೊದಲ ಸಾಮಾನ್ಯ ಕಾನೂನು ಬಂದದ್ದು 1860ರಲ್ಲಿ, ಅದಕ್ಕಿಂತ ಬಿಗಿಯಾದದ್ದು 1875ರಲ್ಲಿ. ಅಕ್ಕುಮ್ ಅವರ ಪುಸ್ತಕದಿಂದ ಮೊದಲ ಕಾನೂನಿಗೆ 40 ವರ್ಷ. ಅಷ್ಟೂ ವರ್ಷ ಮಕ್ಕಳು ಸೀಸದ ಬಣ್ಣದ ಮಿಠಾಯಿ ತಿನ್ನುತ್ತಲೇ ಇದ್ದರು. ನಮ್ಮ ದೇಶದಲ್ಲಿ ಆಹಾರ ಕಲಬೆರಕೆ ತಡೆ ಕಾಯ್ದೆ 1954ರಲ್ಲಿ ಬಂತು. ಈಗ ಇರುವುದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ.

ಪ್ರವಾದಿ ಮುಹಮ್ಮದ್ (ಸ) ಅವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ಒಳಗಿನ ತೇವವನ್ನು ಕಂಡುಹಿಡಿದ ಪ್ರಸಂಗ ಮದ್ರಸದಲ್ಲಿ ಕಲಿತ ನಮಗೆಲ್ಲ ಗೊತ್ತು. ಮಳೆಗೆ ಒದ್ದೆಯಾಯಿತೆಂದು ವ್ಯಾಪಾರಿ ಹೇಳಿದಾಗ, ಹಾಗಾದರೆ ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಬೇಕಿತ್ತಲ್ಲವೇ ಎಂದು ಅವರು ಕೇಳಿದರು. ಮಳೆ ಬಂದದ್ದು ತಪ್ಪಲ್ಲ, ಮುಚ್ಚಿಟ್ಟದ್ದು ತಪ್ಪು. ಅಕ್ಕುಮ್ ಇಡೀ ಲಂಡನ್ನಿನ ರಾಶಿಗಳೊಳಗೆ ಕೈಯಿಟ್ಟರು. ತಮ್ಮ ರಾಶಿಯ ಒದ್ದೆಯನ್ನು ಮಾತ್ರ ಮೇಲಿಡಲಿಲ್ಲ.

ಇದನ್ನು ಬರೆಯಲು ಕೂತಾಗ ನನ್ನ ಚೀಲದಲ್ಲಿದ್ದ ಒಂದು ಹಾಳೆ ನೆನಪಾಯಿತು. ಅರ್ಧವಾರ್ಷಿಕ ಪರೀಕ್ಷೆಯ ಹಿಂದಿನ ದಿನ ನಮ್ಮ ಗ್ರಂಥಾಲಯದ ಕೆಮಿಸ್ಟ್ರಿ ಪುಸ್ತಕದಿಂದ ನಾನು ಹರಿದುಕೊಂಡಿದ್ದು. ಜೆರಾಕ್ಸ್ ಅಂಗಡಿ ಮುಚ್ಚಿತ್ತು ಎಂಬ ನೆಪವನ್ನೂ ಸಿದ್ಧವಾಗಿಟ್ಟುಕೊಂಡಿದ್ದೆ. ನನ್ನ ನಂತರ ಆ ಪುಸ್ತಕ ತೆಗೆದುಕೊಂಡವರು ಆ ಪಾಠವನ್ನು ಹೇಗೆ ಓದಿದರೋ ಗೊತ್ತಿಲ್ಲ. ಸೋಮವಾರ ಆ ಹಾಳೆಯನ್ನು ಗ್ರಂಥಾಲಯದ ಮೇಡಂ ಅವರ ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಅಂಟಿನ ಡಬ್ಬಿ ಮತ್ತು ತೆಳು ಕಾಗದವನ್ನು ನನ್ನ ಮುಂದೆ ತಳ್ಳಿ, ಪುಸ್ತಕ ತರಲು ಕಪಾಟಿನ ಕಡೆ ಹೋದರು.

ಮನೆಯಲ್ಲಿ ಶರಬತ್ತಿನ ವಿಷಯವನ್ನೂ ಹೇಳಿಯಾಯಿತು. ಉಮ್ಮ ನಕ್ಕರು. ಡಬ್ಬಿಯಲ್ಲಿ ಪುಡಿ ಕಡಿಮೆಯಾದದ್ದು ಅವರಿಗೆ ಅವತ್ತೇ ಗೊತ್ತಾಗಿತ್ತಂತೆ.