ಕಾಣದ ಕಿರಣಗಳ ಕಾವಲುಗಾರ

ಅಣುಬಾಂಬನ್ನು ನಿರ್ಮಿಸಿದವರ ಹೆಸರುಗಳನ್ನು ವಿದ್ಯಾರ್ಥಿಗಳಾದ ನಾವೆಲ್ಲ ಬಲ್ಲೆವು. ಅದು ಸಿಡಿದಾಗ ಹೊಮ್ಮುವ ಗ್ಯಾಮಾ ಕಿರಣಗಳು ಮನುಷ್ಯನ ಮೈಗೆ ಎಷ್ಟು ತಾಗುತ್ತವೆಂದು ಅಳೆಯುವ ಹೊಣೆ ಹೊತ್ತವರು ಡಾಕ್ಟರ್ ಸ್ಟಾಫರ್ಡ್ ವಾರೆನ್. ಅವರ ಬಾಳಿನಲ್ಲಿ ನಾನು ಕಂಡ ಒಂದು ಪಾಠವನ್ನು ಸಹಪಾಠಿಗಳ ಮುಂದಿಡುತ್ತೇನೆ.

ವಾರೆನ್ 1896ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ಪ್ರಾಂತದಲ್ಲಿ ಜನಿಸಿದರು. 1922ರಲ್ಲಿ ವೈದ್ಯ ಪದವಿ ಪಡೆದು, ಮುಂದೆ ರಾಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಕ್ಷ-ಕಿರಣ ಶಾಸ್ತ್ರದ ಅಧ್ಯಾಪಕರಾದರು. ಸ್ತನರೋಗಗಳನ್ನು ಕ್ಷ-ಕಿರಣ ಚಿತ್ರದಿಂದ ಗುರುತಿಸುವ ಬಗೆಯನ್ನು 1930ರಲ್ಲಿ ಪ್ರಕಟಿಸಿ ಪ್ರಸಿದ್ಧರಾದರು. ಯುದ್ಧಕಾಲದಲ್ಲಿ ಕರ್ನಲ್ ಪದವಿಯೊಡನೆ ಮ್ಯಾನ್‌ಹಟನ್ ಯೋಜನೆಯ ವೈದ್ಯ ವಿಭಾಗಕ್ಕೆ ಮುಖ್ಯಸ್ಥರಾದರು.

1945ರ ಜುಲೈ 16ರಂದು ನ್ಯೂ ಮೆಕ್ಸಿಕೊದ ಮರಳುಗಾಡಿನಲ್ಲಿ ಮೊದಲ ಬಾಂಬು ಸಿಡಿದಾಗ ಅವರ ಸಿಬ್ಬಂದಿ ಮಾಪಕಗಳೊಡನೆ ಮೋಡದ ಜಾಡನ್ನು ಹಿಡಿದು ಹೊರಟರು. ಮಾಪಕ ತಿಳಿಸುವುದು ಆ ಗಳಿಗೆಯ ತೀವ್ರತೆಯನ್ನು ಮಾತ್ರ. ಅದು ಗಂಟೆ ಗಂಟೆಗೂ ಇಳಿಯುತ್ತದೆ. ಅಲ್ಲಿಯೇ ವಾಸಿಸುವವನಿಗೆ ಒಟ್ಟು ಎಷ್ಟು ತಾಗಿತೆಂಬುದನ್ನು ಲೆಕ್ಕ ಹಾಕಿಯೇ ತಿಳಿಯಬೇಕು. ಧೂಳು ಬೀಳುವುದೂ ಎಲ್ಲೆಡೆ ಸಮವಾಗಿ ಅಲ್ಲ. ಐದು ದಿನಗಳ ಬಳಿಕ ವಾರೆನ್ ವರದಿ ಬರೆದು, ಇಂಥ ಪರೀಕ್ಷೆಗೆ ಆ ಸ್ಥಳ ಸಾಲದು, ಸುತ್ತ 150 ಮೈಲಿ ಜನವಸತಿಯಿಲ್ಲದ ಜಾಗ ಬೇಕೆಂದು ಸೂಚಿಸಿದರು.

1946ರಲ್ಲಿ ಶಾಂತಸಾಗರದ ಬಿಕಿನಿ ದ್ವೀಪದಲ್ಲಿ ಹೊಣೆ ಇನ್ನೂ ಹಿರಿದಾಯಿತು. ಅಲ್ಲಿ ಸುಮಾರು 42,000 ಜನ ಸೇರಿದ್ದರು. ದಿನಕ್ಕೆ 0.1 ರಾಂಟ್ಜನ್ ಮೀರಬಾರದೆಂಬುದು ನಿಯಮ. ಎದೆಗೆ ಸಿಕ್ಕಿಸಿದ ಪುಟ್ಟ ಫಿಲಂ ತುಂಡು ಕಪ್ಪಾದಷ್ಟೂ ಕಿರಣ ಹೆಚ್ಚು ತಾಗಿತೆಂದು ಎಣಿಕೆ. ಆದರೆ ಕಡಿಮೆ ಶಕ್ತಿಯ ಕಿರಣಗಳಿಗೆ ಫಿಲಂ ಅತಿಯಾಗಿ ಕಪ್ಪಾಗುವುದು. ಅದನ್ನು ಸರಿದೂಗಿಸಲು ಸೀಸದ ತಗಡು ಬೇಕು. ಸೆಕೆ ಮತ್ತು ತೇವಗಳೂ ಫಿಲಮನ್ನು ಕೆಡಿಸುವುವು. ಎದೆಯ ಫಿಲಂ ಕಾಲಿನ ಸಂಗತಿ ತಿಳಿಸದು. ಎಲ್ಲಕ್ಕಿಂತ ಮಿಗಿಲಾಗಿ, ನೂರರಲ್ಲಿ ಸುಮಾರು 15 ಜನರಿಗಷ್ಟೇ ಫಿಲಂ ದೊರಕಿತು. ಉಳಿದವರ ಲೆಕ್ಕ ಜೊತೆಗಾರನ ಫಿಲಮಿನ ಮೇಲೆ ನಿಂತಿತು.

ಜುಲೈ 25ರಂದು ನೀರಿನೊಳಗೆ ಸಿಡಿದ ಬಾಂಬು ಹಡಗುಗಳನ್ನೆಲ್ಲ ವಿಷನೀರಿನಲ್ಲಿ ತೋಯಿಸಿತು. ನಾವಿಕರು ಎಷ್ಟು ಉಜ್ಜಿ ತೊಳೆದರೂ ಅದು ಬಿಡಲಿಲ್ಲ. ಹಡಗುಗಳನ್ನು ಉಳಿಸಿಕೊಳ್ಳುವ ಆತುರ ಅಧಿಕಾರಿಗಳಿಗೆ. ಅವರ ಕೈಯಲ್ಲಿದ್ದ ಗೀಗರ್ ಮಾಪಕಗಳಿಗೆ ಪ್ಲುಟೋನಿಯಮ್ಮಿನ ಆಲ್ಫಾ ಕಿರಣ ಕಾಣುತ್ತಿರಲಿಲ್ಲ. ಆಗ ವಾರೆನ್ ಒಂದು ಮೀನಿನ ಚಿತ್ರವನ್ನು ಸೇನಾಪತಿ ಬ್ಲ್ಯಾಂಡಿಯವರ ಮುಂದಿಟ್ಟರು. ಕ್ಷ-ಕಿರಣ ಯಂತ್ರದ ನೆರವಿಲ್ಲದೆ, ಮೀನು ತನ್ನ ಮೈಯ ಕಿರಣಗಳಿಂದಲೇ ಫಿಲಮಿನ ಮೇಲೆ ಮೂಡಿಸಿದ ಚಿತ್ರವದು! ಆಗಸ್ಟ್ 10ರಂದು ತೊಳೆಯುವ ಕೆಲಸ ನಿಂತಿತು. ಮೂರನೆಯ ಪರೀಕ್ಷೆಯೂ ರದ್ದಾಯಿತು.

ವಾರೆನ್ ಮರುವರ್ಷ ಲಾಸ್ ಏಂಜಲೀಸ್‌ನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ವೈದ್ಯಕೀಯ ಶಾಲೆಗೆ ಮೊದಲ ಡೀನ್ ಆದರು, 1981ರಲ್ಲಿ ತೀರಿಕೊಂಡರು. ಅವರ ಕಾವಲು ಸಂಪೂರ್ಣವಾಗಿತ್ತೆಂದು ನಾನು ಹೇಳಲಾರೆ. ಫಿಲಂ ಧರಿಸದಿದ್ದ ಸಾವಿರಾರು ನಾವಿಕರಿಗೆ ತಾಗಿದ ಕಿರಣವೆಷ್ಟೆಂದು ದಶಕಗಳ ಬಳಿಕ ಹಳೆಯ ಕಡತಗಳಿಂದ ಊಹಿಸಬೇಕಾಯಿತು. ಆದರೂ ಮಾಪಕದ ಮುಳ್ಳು ಅಲುಗದಿದ್ದಾಗ ಅಪಾಯವೇ ಇಲ್ಲವೆಂದು ಅವರು ನಂಬಲಿಲ್ಲ. ಆ ಮಾಪಕ ಯಾವುದನ್ನು ಕಾಣಲಾರದೆಂದು ವಿಚಾರಿಸಿದರು. ಪ್ರಯೋಗಶಾಲೆಯಲ್ಲಿ ಅಂಕಿಗಳನ್ನು ಬರೆದುಕೊಳ್ಳುವ ನಮಗೆ ಈ ವಿಚಾರಣೆಯೇ ದೊಡ್ಡ ಪಾಠವೆಂದು ನನ್ನ ನಂಬಿಕೆ.